ಕಣ್ಣೀರಿಗೆ ಅಂಕ ಬೇಡ, ಕಷ್ಟಕ್ಕೆ ದಂಡವೂ ಬೇಡ

‘ಹತ್ತನೇ ತರಗತಿ, ಪಿಯುಸಿ, ಬಿಇ ಮೂರರಲ್ಲೂ ಕನಿಷ್ಠ ಶೇ 60. ಬ್ಯಾಕ್‌ಲಾಗ್ ಇರಬಾರದು. ಓದಿನ ನಡುವೆ ಗ್ಯಾಪ್ ಇರಬಾರದು.’

ಬಿಇ ಮೂರನೇ ವರ್ಷಕ್ಕೆ ಕಾಲಿಟ್ಟವರಿಗೆ ಈ ಸಾಲುಗಳು ಬಾಯಿಪಾಠ. ಪ್ಲೇಸ್‌ಮೆಂಟ್ ಗ್ರೂಪ್‌ನಲ್ಲಿ ಕಂಪನಿಯ ಹೆಸರು ಬದಲಾಗುತ್ತದೆ, ಸಂಬಳ ಬದಲಾಗುತ್ತದೆ, ಈ ಸಾಲುಗಳು ಮಾತ್ರ ಹೆಚ್ಚು ಕಡಿಮೆ ಹಾಗೇ ಇರುತ್ತವೆ.

ನಮ್ಮ ಬ್ಯಾಚ್‌ನಲ್ಲಿ ಒಬ್ಬನಿದ್ದಾನೆ. ಪ್ರೋಗ್ರಾಂನಲ್ಲಿ ಯಾರು ಎಲ್ಲಿ ಸಿಕ್ಕಿಹಾಕಿಕೊಂಡರೂ ಮೊದಲು ಓಡುವುದು ಅವನ ರೂಮಿಗೆ. ಸಿಜಿಪಿಎ ಎಂಟರ ಮೇಲಿದೆ. ಆದರೆ ಸೆಕೆಂಡ್ ಪಿಯುಸಿಯಲ್ಲಿ ಬಂದದ್ದು ಶೇ 56. ಪರೀಕ್ಷೆಗೆ ಹದಿನೈದು ದಿನ ಇರುವಾಗ ಅವನ ಅಪ್ಪ ತೀರಿಕೊಂಡಿದ್ದರು. ಈಗ ಎಷ್ಟೋ ಕಂಪನಿಗಳ ಅರ್ಜಿಯ ಲಿಂಕೇ ಅವನಿಗೆ ತೆರೆಯುವುದಿಲ್ಲ. ಅವನಿಗೆ ಕೆಲಸ ಬರುತ್ತದೋ ಇಲ್ಲವೋ ಎಂದು ಯಾರೂ ಪರೀಕ್ಷೆ ಮಾಡುವುದೇ ಇಲ್ಲ.

ಈ ವಿಷಯಕ್ಕೆ ನಮ್ಮ ಹಾಸ್ಟೆಲ್‌ನಲ್ಲಿ ಆಗಾಗ ವಾದ ನಡೆಯುತ್ತದೆ. ‘ಎಲ್ಲರಿಗೂ ಒಂದಲ್ಲ ಒಂದು ಕಷ್ಟ ಇದ್ದೇ ಇರುತ್ತೆ ಮಗಾ. ಕಷ್ಟಕ್ಕೆಲ್ಲ ಮಾರ್ಕ್ಸ್ ಕೊಡ್ತಾ ಹೋದ್ರೆ ಕಷ್ಟಪಟ್ಟು ಓದಿದವನು ಎಲ್ಲಿಗೆ ಹೋಗ್ಬೇಕು?’ ಎಂದು ಒಬ್ಬ ಕೇಳುತ್ತಾನೆ. ‘ಕಟ್ಟಿದವನು ಬಡವನಾಗಿದ್ದ ಅಂತ ಸೇತುವೆ ಬೀಳದೇ ಇರುತ್ತಾ?’ ಎಂದು ಸಿವಿಲ್‌ನವನೊಬ್ಬ ದನಿಗೂಡಿಸುತ್ತಾನೆ.

ಸೇತುವೆಯ ಮಾತು ನಿಜ. ಆದರೆ ಕಾಲೇಜಿನ ಸೀಟು ಸೇತುವೆ ಕಟ್ಟುವ ಪರವಾನಗಿ ಅಲ್ಲ, ಕಲಿಯುವ ಅವಕಾಶ ಅಷ್ಟೇ. ಒಳಗೆ ಬಂದ ಮೇಲೆ ಯಾವ ಕೋಟಾದಲ್ಲಿ ಬಂದವರಿಗೂ ವಿಟಿಯು ಪ್ರಶ್ನೆಪತ್ರಿಕೆ ಒಂದೇ, ಪಾಸಾಗಲು ಬೇಕಾದ ಅಂಕವೂ ಒಂದೇ. ಹಾಗಾಗಿ ಒಳಗೆ ಬಿಡುವಾಗ ಕೇಳಬೇಕಾದದ್ದು ‘ಇವನಿಗೆ ಈಗ ಎಷ್ಟು ಗೊತ್ತು’ ಎಂಬುದನ್ನಷ್ಟೇ ಅಲ್ಲ, ‘ಸಿಕ್ಕಿದ್ದರಲ್ಲಿ ಇವನು ಎಷ್ಟು ಕಲಿತಿದ್ದಾನೆ’ ಎಂಬುದನ್ನೂ.

ನನ್ನದೇ ಉದಾಹರಣೆ ಕೊಡುತ್ತೇನೆ. ಒಂದರಿಂದ ಹತ್ತರವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ. ಪಿಯುಸಿಗೆ ಬಂದಾಗ ನನಗೆ ವೇಗೋತ್ಕರ್ಷ ಗೊತ್ತಿತ್ತು, ‘ಆಕ್ಸಲರೇಷನ್’ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತವನು ಎಂಟನೇ ತರಗತಿಯಿಂದಲೇ ಲಕ್ಷಗಟ್ಟಲೆ ಫೀಸಿನ ಕೋಚಿಂಗ್‌ನಲ್ಲಿದ್ದ. ಎರಡು ವರ್ಷದ ನಂತರ ಇಬ್ಬರೂ ಒಂದೇ ಸಿಇಟಿ ಬರೆದೆವು. ಅವನ ರ‍್ಯಾಂಕ್ ನನಗಿಂತ ಮುಂದಿತ್ತು. ಅವನು ಓದಿದ್ದ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಅಂತರ ಬರೀ ಓದಿನದ್ದಾಗಿರಲಿಲ್ಲ.

ಸಿಇಟಿಯಲ್ಲಿ ಇದಕ್ಕೊಂದು ಲೆಕ್ಕ ಈಗಾಗಲೇ ಇದೆ. ಹತ್ತು ವರ್ಷ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸೀಟು. ಆದಾಯ 8 ಲಕ್ಷ ಮೀರದ ಕುಟುಂಬದವರಿಗೆ ಬೋಧನಾ ಶುಲ್ಕವಿಲ್ಲದ ಹೆಚ್ಚುವರಿ ಸೀಟುಗಳೂ ಇವೆ. ನನ್ನ ಸೀಟು ಕನ್ನಡ ಮಾಧ್ಯಮದ ಕೋಟಾದ್ದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. (ಜಾತಿ ಆಧಾರಿತ ಮೀಸಲಾತಿಯ ಪ್ರಶ್ನೆ ಬೇರೆ. ಅದು ಒಂದು ಮನೆಯ ಕಷ್ಟದ ಲೆಕ್ಕವಲ್ಲ, ತಲೆಮಾರುಗಳ ತಾರತಮ್ಯದ ಲೆಕ್ಕ.)

ನಮ್ಮ ರಾಜ್ಯಕ್ಕೆ ಈ ಚರ್ಚೆ ಹೊಸದೇನಲ್ಲ. 1962ರಲ್ಲಿ ಆಗಿನ ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ ಶೇ 68ರಷ್ಟನ್ನು ಮೀಸಲಿಟ್ಟಾಗ, ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಮರುವರ್ಷ ಸರ್ಕಾರ ಹೊಸ ಅಳತೆಗೋಲು ತಂದಿತು. ಮನೆಯ ವಾರ್ಷಿಕ ಆದಾಯ 1,200 ರೂಪಾಯಿ ಮೀರಬಾರದು, ಕಸುಬು ಬೇಸಾಯ, ಸಣ್ಣ ವ್ಯಾಪಾರ, ಕೈಕೆಲಸ, ಕೂಲಿಯಂಥದ್ದಾಗಿರಬೇಕು. 1964ರ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ಅಂದರೆ, ಅಪ್ಪ ಅಮ್ಮ ಏನು ದುಡಿಯುತ್ತಾರೆ ಎಂಬುದಕ್ಕೂ ಎಂಜಿನಿಯರಿಂಗ್ ಸೀಟಿಗೂ ಸಂಬಂಧವಿದೆ ಎಂದು ನಮ್ಮ ರಾಜ್ಯ ಅರವತ್ತು ವರ್ಷಗಳ ಹಿಂದೆಯೇ ಯೋಚಿಸಿತ್ತು.

ಈಗಿನ ಲೆಕ್ಕದಲ್ಲಿ ತಪ್ಪಿಲ್ಲವೇ? ಇದೆ. ಹಳ್ಳಿಯ ಖಾಸಗಿ ಶಾಲೆಯಲ್ಲಿ ಓದಿದವನಿಗೂ ಗ್ರಾಮೀಣ ಕೋಟಾ ಸಿಗಬಹುದು. ಬೆಂಗಳೂರಿನ ಕೊಳೆಗೇರಿಯಲ್ಲಿದ್ದು, ಸರ್ಕಾರಿ ಶಾಲೆಯ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಎರಡು ಕೋಟಾವೂ ಸಿಗುವುದಿಲ್ಲ. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಮೆಡಿಕಲ್ ಸೀಟುಗಳಲ್ಲಿ ಶೇ 7.5 ಮೀಸಲಿಟ್ಟಿತು. ಆರರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲೇ ಓದಿರಬೇಕು, ಜೊತೆಗೆ ನೀಟ್‌ ಕೂಡ ಪಾಸಾಗಿರಬೇಕು. ಹಳ್ಳಿಯೋ ಪೇಟೆಯೋ ಎನ್ನುವುದಕ್ಕಿಂತ ಯಾವ ಶಾಲೆ ಎನ್ನುವುದು ಹೆಚ್ಚು ನಿಖರವಾದ ಅಳತೆ. ನಮ್ಮಲ್ಲೂ ಇಂಥದ್ದೊಂದು ಬರಲಿ.

ಆದರೆ ಒಂದು ದಾರಿಯನ್ನು ನಾನು ಒಪ್ಪುವುದಿಲ್ಲ. ಅದು, ಕಷ್ಟವನ್ನು ಕತೆಯಾಗಿ ಹೇಳಿಸಿ ಅದಕ್ಕೆ ಅಂಕ ಕೊಡುವುದು. ಅಮೆರಿಕದ ಕಾಲೇಜುಗಳು ಪ್ರವೇಶಕ್ಕೆ ಪ್ರಬಂಧ ಬರೆಸುತ್ತವೆ. ಎಂಎಸ್‌ಗೆ ಹೊರಟ ನಮ್ಮ ಸೀನಿಯರ್‌ಗಳೂ ತಮ್ಮ ಬಗ್ಗೆ ಎರಡು ಪುಟ ಬರೆಯಬೇಕು. ‘ಒಂದು ಸ್ಟ್ರಗಲ್ ಸೇರಿಸಿ, ಚೆನ್ನಾಗಿರುತ್ತೆ’ ಎಂದು ಸಲಹೆ ಕೊಡುವವರೂ ಇದ್ದಾರೆ. ಇಂಗ್ಲಿಷ್ ಚೆನ್ನಾಗಿ ಬರುವವನ ಸಣ್ಣ ತೊಂದರೆ ಅಲ್ಲಿ ಮಹಾಕಾವ್ಯವಾಗುತ್ತದೆ. ನಿಜವಾಗಿ ನೊಂದವನಿಗೆ ಎರಡು ಸಾಲು ಬರೆಯಲೂ ಕೈ ಬರುವುದಿಲ್ಲ. ಅಪ್ಪ ತೀರಿಕೊಂಡ ವಿಷಯವನ್ನು ನನ್ನ ಗೆಳೆಯ ನಮಗೇ ಎರಡು ವರ್ಷ ಹೇಳಿರಲಿಲ್ಲ. ಅಪರಿಚಿತ ಎಚ್‌ಆರ್ ಮುಂದೆ ಅದನ್ನು ಹೇಳಿ ಕನಿಕರ ಗಿಟ್ಟಿಸಲಿ ಎನ್ನುವುದು ನ್ಯಾಯವಲ್ಲ, ಅವಮಾನ.

ಹಾಗಾದರೆ ಯಾವ ಪ್ರಮಾಣಪತ್ರಕ್ಕೂ ಸಿಗದ ಕಷ್ಟಗಳಿಗೆ ಏನು ಮಾಡುವುದು? ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳುತ್ತ ಓದಿದ ಹುಡುಗಿಗೆ ಯಾವ ಕೋಟಾ? ಇದಕ್ಕೆ ಅಂಕದಲ್ಲಿ ಉತ್ತರವಿಲ್ಲ, ಇನ್ನೊಂದು ಅವಕಾಶದಲ್ಲಿ ಇದೆ. 2024ರಿಂದ ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆದು, ಹೆಚ್ಚು ಬಂದ ಅಂಕ ಉಳಿಸಿಕೊಳ್ಳಬಹುದು. ‘ನಿನಗೇನಾಗಿತ್ತು’ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಅಳಬೇಕಿಲ್ಲ, ಸಾಬೀತು ಮಾಡಬೇಕಿಲ್ಲ. ಚೇತರಿಸಿಕೊಂಡು ಬಂದು ಬರೆದರೆ ಸಾಕು.

ಕೆಲಸ ಕೊಡುವವರಿಂದ ನಾನು ಬಯಸುವುದೂ ಇಷ್ಟನ್ನೇ. ಕೆಲಸದ ಪರೀಕ್ಷೆಯಲ್ಲಿ ಯಾರಿಗೂ ರಿಯಾಯಿತಿ ಬೇಡ. ಕೋಡ್ ಬರೆಯಲು ಬಾರದವನನ್ನು ಬಡವ ಎಂದು ತೆಗೆದುಕೊಂಡರೆ ಕಂಪನಿಗೂ ನಷ್ಟ, ಅವನಿಗೂ ನಷ್ಟ. ಆದರೆ ಹದಿನೇಳನೇ ವಯಸ್ಸಿನ ಒಂದು ಕೆಟ್ಟ ತಿಂಗಳಿಗೆ ಇಪ್ಪತ್ತೊಂದರಲ್ಲಿ ದಂಡ ಹಾಕುವುದು ಯಾವ ಮೆರಿಟ್? ಸಾವಿರಾರು ಅರ್ಜಿ ಬರುತ್ತವೆ, ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು ಎನ್ನುತ್ತಾರೆ. ಎಳೆಯಲಿ. ಹೇಗೂ ಆನ್‌ಲೈನ್ ಟೆಸ್ಟ್ ಮಾಡುತ್ತಾರಲ್ಲ, ಅದನ್ನು ಎಲ್ಲರಿಗೂ ತೆರೆದು, ಆ ಅಂಕದ ಮೇಲೆ ಗೆರೆ ಎಳೆಯಲಿ. ಗ್ಯಾಪ್ ಇದ್ದವರನ್ನು ಹೊರಗಿಡುವ ಬದಲು, ಗ್ಯಾಪ್ ಆದಮೇಲೆ ಏನು ಕಲಿತರು ಎಂದು ನೋಡಲಿ.

ಈ ಸಲ ಸಿಇಟಿ ಬರೆಯುವ ತಮ್ಮ ತಂಗಿಯರಿಗೆ ಒಂದು ಮಾತು. ಗ್ರಾಮೀಣ, ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ಅರ್ಹರಾಗಿದ್ದರೆ ಈಗಲೇ ಶಾಲೆಗೆ ಹೋಗಿ ಬರೆಸಿಕೊಳ್ಳಿ, ಬಿಇಒ ಕಚೇರಿಯ ಸಹಿ ಹಾಕಿಸಿಕೊಳ್ಳಿ. ‘ಕೋಟಾದವರು’ ಎನ್ನುವ ಮಾತಿಗೆ ಹೆದರಿ ಬಿಡಬೇಡಿ. ಅದು ಭಿಕ್ಷೆಯಲ್ಲ, ಹತ್ತು ವರ್ಷ ನೀವು ಕೂತ ಬೆಂಚಿನ ಲೆಕ್ಕ.

ನನ್ನ ವಾರಿಗೆಯವರಿಗೂ ಒಂದು ಮಾತಿದೆ. ಇನ್ನು ಏಳೆಂಟು ವರ್ಷಕ್ಕೆ ನಮ್ಮಲ್ಲೇ ಕೆಲವರು ರೆಸ್ಯೂಮೆ ಆರಿಸುವ ಕುರ್ಚಿಯಲ್ಲಿ ಕೂತಿರುತ್ತೇವೆ. ‘ಮೂರರಲ್ಲೂ ಶೇ 60’ ಎಂಬ ಸಾಲು ಆಗಲೂ ಫಾರ್ಮ್‌ನಲ್ಲಿ ಇದ್ದರೆ, ಅಳಿಸುವ ಅಧಿಕಾರ ಇರುವುದು ನಮ್ಮ ಕೈಯಲ್ಲೇ.