ಮನೆಯೇ ಪಾಠಶಾಲೆಯಾದಾಗ

ಗಂಡುಮಕ್ಕಳನ್ನು ಮನೆಯಲ್ಲಿಯೇ ಓದಿಸಬಹುದೇ ಎಂಬ ಪ್ರಶ್ನೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ನಮ್ಮ ಪಾಲಕರಲ್ಲಿಯೂ ಏಳುವುದುಂಟು. 2010ರ ಎಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆನ್ನುತ್ತದೆ, ಮನೆಶಿಕ್ಷಣದ ಹೆಸರೆತ್ತುವುದಿಲ್ಲ. 14 ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಅಲ್ಲಿ ಕನ್ನಡವೂ ಒಂದು ವಿಷಯ.

ಆದರೆ ಶಾಲೆ ಯಾವುದೇ ಇರಲಿ, ಕನ್ನಡದ ಹೊಣೆ ಮನೆಯದೇ. ಅಂಗಳದಲ್ಲಿ ಮರಾಠಿ, ಟಿ.ವಿ.ಯಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷು. ನಾವು ಕಲಿಸದಿದ್ದರೆ ಊರಿನ ಅಜ್ಜಿಯೊಡನೆ ಮೊಮ್ಮಗನ ಮಾತೇ ನಿಂತೀತು. ಮರಾಠಿ ಓದಬಲ್ಲ ಹುಡುಗನಿಗೆ ನಮ್ಮ ಅಕ್ಷರಗಳ ಕ್ರಮ ಹೊಸತಲ್ಲ. ಹೊಸ ಲಿಪಿ, ಒತ್ತಕ್ಷರ, ‘ಎ–ಏ’, ‘ಒ–ಓ’ಗಳ ಭೇದ, ಇಷ್ಟನ್ನು ತಿದ್ದಿಸಬೇಕು. ಲೋಕಲ್ ಇಳಿದು ಬಂದ ತಂದೆ ನಿತ್ಯ ಅರ್ಧ ಗಂಟೆ ಮಗನ ಬಳಿ ಕುಳಿತು, ಕಿರಾಣಿಯ ಚೀಟಿಯನ್ನು ಅವನಿಂದಲೇ ಕನ್ನಡದಲ್ಲಿ ಬರೆಯಿಸಲಿ.