ಕಲ್ಲಾದ ಚಿಪ್ಪುಗಳು ಹೇಳುವ ಕಡಲಿನ ವೃತ್ತಾಂತ

ತಮಿಳುನಾಡಿನ ಅರಿಯಲೂರು ಸೀಮೆಯು ಇಂದು ಕಡಲಿಗೆ ದೂರವಾದ ಒಣನೆಲವು. ಆದರೂ ಅಲ್ಲಿಯ ಬಂಡೆಗಳಲ್ಲಿ ಶಂಖ, ಚಿಪ್ಪು, ಹವಳಗಳು ಕಲ್ಲಾಗಿ ಹುದುಗಿರುವುವು. ಸುಮಾರು 10 ಕೋಟಿ ವರ್ಷಗಳ ಹಿಂದೆ ಸಮುದ್ರವು ಆ ನೆಲವನ್ನು ಆವರಿಸಿತ್ತೆಂಬುದಕ್ಕೆ ಇವೇ ಸಾಕ್ಷಿ. ಬ್ಲಾನ್‌ಫರ್ಡ್ ಎಂಬ ಭೂಶಾಸ್ತ್ರಜ್ಞರು 1862ರಲ್ಲಿ ಈ ಸ್ತರಗಳ ವಿವರವನ್ನು ಪ್ರಕಟಿಸಿದರು. ತರುವಾಯ ಸ್ಟೋಲಿಚ್ಕಾ ಎಂಬವರು ಈ ಜೀವಿಗಳನ್ನು ಒಂದೊಂದಾಗಿ ವರ್ಣಿಸಿದರು.

ಸಮುದ್ರವಿತ್ತೆಂಬುದು ಮಾತ್ರವಲ್ಲ, ಅದು ಎಂತಹುದೆಂಬುದೂ ಇವುಗಳಿಂದ ತಿಳಿದುಬರುವುದು. ದಿಬ್ಬ ಕಟ್ಟುವ ಹವಳದ ಜಂತುಗಳು ಸಾಮಾನ್ಯವಾಗಿ ಬೆಚ್ಚಗಿನ, ತಿಳಿಯಾದ, ಬಿಸಿಲು ತಲಪುವ ನೀರನ್ನೇ ಬಯಸುವುವು. ಆದುದರಿಂದ ಕಲ್ಲಕ್ಕುಡಿಯ ಸುಣ್ಣಕಲ್ಲಿನಲ್ಲಿ ಹವಳವಿರುವುದನ್ನು ಕಂಡು, ಅಲ್ಲಿ ಕಡಲು ಆಳವಾಗಿರಲಿಲ್ಲವೆಂದು ಊಹಿಸುವೆವು. ಕಾರೈ ಗ್ರಾಮದ ಜೇಡಿಯಲ್ಲಾದರೋ ಬಾಣದ ಮೊನೆಯಂತಹ ಬೆಲೆಮ್ನೈಟುಗಳೂ ಸುರುಳಿಚಿಪ್ಪಿನ ಅಮೊನೈಟುಗಳೂ ದೊರೆಯುವುವು. ಇವು ತೆರೆದ ಕಡಲಿನಲ್ಲಿ ಈಜುತ್ತಿದ್ದ ಪ್ರಾಣಿಗಳು. ನಯವಾದ ಜೇಡಿಯೋ, ಅಲೆಗಳ ಹೊಡೆತವಿಲ್ಲದ ನೀರಿನಲ್ಲಿಯೇ ತಳಕ್ಕಿಳಿಯತಕ್ಕದ್ದು. ಗರುಡಮಂಗಲದ ಕಲ್ಲಿನಲ್ಲಿ ಚಿಪ್ಪುಗಳು ಒತ್ತೊತ್ತಾಗಿ ರಾಶಿಬಿದ್ದಿರುವುವು. ದಡದ ಸಮೀಪದಲ್ಲಿ ತೆರೆಗಳು ಅವನ್ನು ಹೀಗೆ ಗುಡ್ಡೆಹಾಕಿದುವು.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಪ್ರಾಣಿಯು ಸತ್ತ ಮೇಲೆ ಅಮೊನೈಟಿನ ಬರಿಯ ಚಿಪ್ಪು ತೇಲಿಕೊಂಡು ಬಹುದೂರ ಹೋಗಬಲ್ಲದು. ಆದಕಾರಣ ಒಂದೇ ಚಿಪ್ಪನ್ನು ನಂಬಲಾಗದು. ಸುತ್ತಣ ಮಣ್ಣನ್ನೂ ನೆರೆಯ ಜೀವಿಗಳನ್ನೂ ಕೂಡಿಸಿ ವಿಚಾರಿಸಬೇಕು. ಎಲ್ಲಿ ಸಿಕ್ಕಿತೆಂಬುದನ್ನು ಗುರುತಿಸದೆ ಮನೆಗೆ ತಂದ ಚಿಪ್ಪು ಚೆಲುವಾದರೂ ಮೂಕವೇ ಸರಿ. ಸಿಮೆಂಟಿಗಾಗಿ ಅಗೆಯಲ್ಪಡುವ ಅರಿಯಲೂರಿನ ಸುಣ್ಣಕಲ್ಲಿನೊಡನೆ ಇಂತಹ ಸಾಕ್ಷಿಗಳು ಪುಡಿಯಾಗುತ್ತಿರುವುವು. ಅಗೆಯುವುದಕ್ಕೆ ಮೊದಲು ಓದಿ ಬರೆದಿಡದಿದ್ದರೆ, ಆ ಕಡಲಿನ ವೃತ್ತಾಂತವನ್ನು ನಮ್ಮ ಮಕ್ಕಳಿಗೆ ಹೇಳುವವರಾರು?