ಮಣ್ಣು ತಿನ್ನುವ ಆಸೆ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ದಿನಾ ಹೊಸ ಬಳಪ ಕೇಳುತ್ತಿದ್ದರು. ಒಂದು ದಿನ ನಾವು ನೋಡಿದೆವು. ಬಳಪ ಅವರ ಬಾಯಲ್ಲಿತ್ತು! ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. "ಬಿಡಬೇಕು ಅಂತೀನಿ, ಆಗ್ತಾ ಇಲ್ಲ. ಮನೇಲಿ ಗೊತ್ತಾದ್ರೆ ಬೈತಾರೆ" ಅಂದರು.

ನಮ್ಮಲ್ಲಿ ಕೆಲವರು ಹೀಗೆ ಕದ್ದು ತಿನ್ನುತ್ತೇವೆ. ಒಬ್ಬರಿಗೆ ಒಲೆಯ ಮಣ್ಣು. ಇನ್ನೊಬ್ಬರಿಗೆ ಬಳಪ, ವಿಭೂತಿ, ಇದ್ದಿಲು. ಬಸುರಿ ತಿಂದರೆ ಜನ ‘ಬಯಕೆ’ ಅನ್ನುತ್ತಾರೆ. ಬೇರೆಯವರು ತಿಂದರೆ ‘ಕೆಟ್ಟ ಚಟ’ ಅನ್ನುತ್ತಾರೆ. ಆದರೆ ಇದು ಕಾಯಿಲೆ. ವೈದ್ಯರು ಇದಕ್ಕೆ ‘ಪೈಕಾ’ ಎಂದು ಹೆಸರಿಟ್ಟಿದ್ದಾರೆ.

ಇದು ಏಕೆ ಬರುತ್ತದೆ?

ಹಲವರಲ್ಲಿ ಇದರ ಜೊತೆಗೆ ರಕ್ತಹೀನತೆ ಇರುತ್ತದೆ. ರಕ್ತಕ್ಕೆ ಕಬ್ಬಿಣದ ಅಂಶ ಬೇಕು. ಮುಟ್ಟು, ಹೆರಿಗೆಯಲ್ಲಿ ನಮ್ಮ ರಕ್ತ ಹೋಗುತ್ತದೆ. ಊಟದಲ್ಲಿ ಎಲ್ಲರಿಗೂ ಬಡಿಸಿ, ಉಳಿದದ್ದು ನಮಗೆ. ಹೀಗೆ ಕಬ್ಬಿಣ ಕಡಿಮೆಯಾಗುತ್ತದೆ. ಆಗ ಕೆಲವರಿಗೆ ಮಣ್ಣಿನ ಆಸೆ ಹುಟ್ಟುತ್ತದೆ. ಆದರೆ ಮಣ್ಣು ತಿಂದರೆ ರಕ್ತ ಹೆಚ್ಚುವುದಿಲ್ಲ. ಹೊಟ್ಟೆಗೆ ಜಂತುಹುಳು ಸೇರಬಹುದು. ಮಲಬದ್ಧತೆ ಆಗಬಹುದು.

ನಮ್ಮನ್ನೇ ನಾವು ಕೇಳಿಕೊಳ್ಳೋಣ:

ಆಹಾರವಲ್ಲದ್ದನ್ನು ಒಂದು ತಿಂಗಳಿಂದ ತಿನ್ನುತ್ತಿದ್ದೇವೆಯೇ?
ಬಚ್ಚಿಟ್ಟು ತಿನ್ನುತ್ತೇವೆಯೇ?
ಬಿಡಲು ಆಗುತ್ತಿಲ್ಲವೇ?
ಸುಸ್ತು, ಏದುಸಿರು, ತಲೆಸುತ್ತು ಇದೆಯೇ?

ಹೌದು ಎಂದಾದರೆ ಆರೋಗ್ಯ ಕೇಂದ್ರಕ್ಕೆ ಹೋಗೋಣ. ಒಬ್ಬರೇ ಹೋಗಲು ನಾಚಿಕೆಯೇ? ಆಶಾ ಕಾರ್ಯಕರ್ತೆಯನ್ನು ಕರೆದುಕೊಳ್ಳೋಣ. ‘ಮಣ್ಣು ತಿಂತೀನಿ’ ಅಂತ ಬಾಯಿಬಿಟ್ಟು ಹೇಳೋಣ. ಹೇಳಿದರೆ ತಾನೆ ಮದ್ದು?

ಅಲ್ಲಿ ರಕ್ತ ಪರೀಕ್ಷೆ ಮಾಡುತ್ತಾರೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಬಸುರಿಯರಿಗೆ ಈ ಲೆಕ್ಕ 11 ಗ್ರಾಂ. ವೈದ್ಯರು ಕಬ್ಬಿಣದ ಮಾತ್ರೆ ಕೊಡುತ್ತಾರೆ. ಅವರು ಹೇಳಿದಷ್ಟು ದಿನ ತಪ್ಪದೆ ನುಂಗಬೇಕು. ಮಾತ್ರೆಯ ಜೊತೆ ಕಾಫಿ, ಟೀ ಬೇಡ. ನಿಂಬೆ ಪಾನಕ ಒಳ್ಳೆಯದು. ಮಲ ಕಪ್ಪಗಾಗಬಹುದು. ಅದು ಮಾತ್ರೆಯಿಂದ, ಹೆದರಬೇಡಿ. ಊಟದಲ್ಲಿ ಸೊಪ್ಪು, ಕಾಳು, ರಾಗಿ ಇರಲಿ. ಮನೆಯವರ ಜೊತೆಗೇ ಕೂತು ಉಣ್ಣೋಣ.

ರಕ್ತ ಸರಿಯಾದ ಹಾಗೆ ಎಷ್ಟೋ ಜನಕ್ಕೆ ಆಸೆ ತಾನಾಗಿ ಇಳಿಯುತ್ತದೆ. ಇಳಿಯದಿದ್ದರೆ, ಅಥವಾ ಮನಸ್ಸಿಗೆ ಬೇಸರ ಇದ್ದರೆ, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಅಕ್ಕನೂ ಮಾತ್ರೆ ತೆಗೆದುಕೊಂಡರು. ಈಗ ಅವರ ಬಳಪ ಸ್ಲೇಟಿನ ಮೇಲೆ ಮಾತ್ರ ಸವೆಯುತ್ತದೆ.